6 ಮಿ.ಮೀ. ಕಲ್ಲು, 20 ದಿಂಡು

ಕಿಡ್ನಿಯಿಂದ ಬಿದ್ದ ಕಲ್ಲು ಈಗಲೂ ನನ್ನ ಹತ್ತಿರ ಇದೆ. ಹಳೇ ವಿಭೂತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬೆಲ್ಲದ ಬಣ್ಣ, ಮೈತುಂಬ ಮುಳ್ಳು, ಥೇಟ್ ನೆಗ್ಗಿನಮುಳ್ಳಿನ ಮರಿ. "ಬಾಳೆದಿಂಡಿನ ರಸಕ್ಕೆಲ್ಲ ಕಲ್ಲು ಬೀಳುತ್ತಾ? ಸುಮ್ನೆ ಆಪರೇಷನ್ ಮಾಡಿಸ್ಕೊಳಿ ಭಾವ" ಅಂದಿದ್ದ ಬಾಮೈದನಿಗೆ ಮೊದಲು ಅದನ್ನೇ ತೋರಿಸಿದೆ.

ನನಗೆ ಇದು ಎರಡನೇ ಕಲ್ಲು. 2017ರಲ್ಲಿ ಬಂದದ್ದು 9 ಮಿ.ಮೀ. ಇತ್ತು, ಲೇಸರ್‌ನಲ್ಲಿ ಪುಡಿ ಮಾಡಿಸಿದೆ. ಮೂತ್ರನಾಳಕ್ಕೆ ಸ್ಟೆಂಟ್ ಅನ್ನೋ ಕೊಳವೆ ಹಾಕಿದ್ದು, ತೆಗೆದದ್ದು, ತುಮಕೂರಿಗೆ ಓಡಾಟ, ಎಲ್ಲ ಸೇರಿ 60 ಸಾವಿರದ ಹತ್ತಿರ. ಆ ವರ್ಷದ ಕೊಬ್ಬರಿ ದುಡ್ಡು ಪೂರ್ತಿ ಅಲ್ಲಿಗೇ ಹೋಯ್ತು. ಹಾಗಾಗಿ ಎರಡು ವರ್ಷದ ಹಿಂದೆ ಮತ್ತೆ ಬಲಪಕ್ಕೆ ಹಿಡಿದುಕೊಂಡಾಗ ಡಾಕ್ಟರ ಹತ್ತಿರ ಟೈಮ್ ಕೇಳಿದೆ. ಸ್ಕ್ಯಾನ್ ನೋಡಿ, ಕಿಡ್ನಿ ಊದಿಲ್ಲ, ಜ್ವರ ಇಲ್ಲ, ಆರು ವಾರ ನೋಡೋಣ ಅಂದರು.

ಶುರುವಿನಲ್ಲಿ ಮಾಡಿದ್ದೆಲ್ಲ ತಪ್ಪೇ. ಜಾತ್ರೆಯಲ್ಲಿ ಒಬ್ಬನ ಹತ್ತಿರ 1,800 ಕೊಟ್ಟು ಪುಡಿ ತಂದೆ. ಅದರಲ್ಲಿ ಏನಿತ್ತೋ, ಹೊಟ್ಟೆ ಕೆಟ್ಟಿತು ಅಷ್ಟೇ. ಆಮೇಲೆ ಹುರುಳಿ ಕಟ್ಟು, ಹೊತ್ತಿಗೆ ಎರಡು ಲೋಟ. ವಾರದಲ್ಲಿ ಬಾಯಿತುಂಬ ಹುಣ್ಣು. ಕಾಡುಬಸಳೆ ಎಲೆ ಅಗಿದೆ, ಹುಳಿ ಬಿಟ್ಟರೆ ಏನೂ ಕಾಣಲಿಲ್ಲ. ಸುಣ್ಣದ (ಕ್ಯಾಲ್ಸಿಯಂ) ಕಲ್ಲು ಅಲ್ವಾ ಅಂತ ಹಾಲು ಮೊಸರು ಬಿಟ್ಟೆ. ಅದಂತೂ ಪೂರ್ತಿ ಉಲ್ಟಾ. ಊಟದಲ್ಲಿ ಮೊಸರಿದ್ದರೆ ಅದರ ಕ್ಯಾಲ್ಸಿಯಂ ಸೊಪ್ಪಿನಲ್ಲಿರೋ, ಕಲ್ಲು ಕಟ್ಟೋ ಆಕ್ಸಲೇಟನ್ನ ಕರುಳಿನಲ್ಲೇ ಹಿಡಿದುಕೊಳ್ಳುತ್ತೆ, ಕಿಡ್ನಿವರೆಗೂ ಬಿಡೋದಿಲ್ಲ. ಪಾಲಕ್ ಬಿಟ್ಟು ಮೊಸರಿಗೆ ವಾಪಸ್ ಬಂದೆ.

ಕೊನೆಗೆ ದಿಂಡು. ಗೊನೆ ಕಡಿದ ದಿನವೇ ಬೇಕು, ಮಾರನೇ ದಿನಕ್ಕೆ ಒಗರು ಜಾಸ್ತಿ. ಪಲ್ಯಕ್ಕಾದರೆ ಮಜ್ಜಿಗೆಯಲ್ಲಿ ಹಾಕಿಡ್ತೀವಿ, ರಸಕ್ಕೆ ಅದು ಬೇಡ. ಸಣ್ಣಗೆ ಹೆಚ್ಚಿ, ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, ಅರ್ಧ ನಿಂಬೆಹಣ್ಣು. ಉಪ್ಪು ಹಾಕಬೇಡಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ಯಾವ ಬಾಳೆ, ದಿಂಡಿನ ಯಾವ ಭಾಗ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಮನೆಗೆ ಬಂದರೆ ತೋರಿಸ್ತೀನಿ. ಹಳೇ ಅಂಗಿ ಹಾಕ್ಕೊಳ್ಳಿ. ಸೊನೆ ಕಲೆ ಯಾವ ಸೋಪಿಗೂ ಹೋಗಲ್ಲ, ನನ್ನ ಎರಡು ಅಂಗಿ ಹಾಗೇ ಹೋದವು.

ಜೊತೆಗೆ ನೀರು. ಬೋರ್‌ವೆಲ್ ನೀರಿಂದಲೇ ಕಲ್ಲು ಅಂತ ಎಲ್ಲರೂ ಬೈತಾರೆ. ನಾನು ಯಾವ ನೀರನ್ನೂ ಸರಿಯಾಗಿ ಕುಡೀತಿರಲಿಲ್ಲ. ನಗಬೇಡಿ, ಹೊರಗೆ ಹೋಗೋ ಮೂತ್ರವನ್ನ ಬಾಟಲಿಯಲ್ಲಿ ಅಳೆದೆ. ಮೊದಲ ದಿನ ಮುಕ್ಕಾಲು ಲೀಟರ್ ಕೂಡ ಇಲ್ಲ. ಅದನ್ನ ಎರಡೂವರೆ ಲೀಟರಿಗೆ ತರಬೇಕಾದರೆ ಬಿಸಿಲಲ್ಲಿ ದುಡಿಯೋನಿಗೆ ನಾಲ್ಕು ಲೀಟರ್ ಬೇಕಾಯ್ತು.

ಡಾಕ್ಟರನ್ನ ಕಂಡು ಸುಮಾರು 40 ದಿನ ಆಗಿತ್ತು. ಬೆಳಗಿನ ಜಾವ ಜೀವ ಹೋಗೋ ನೋವು, ಗೋಡೆ ಹಿಡಿದು ನಿಂತಿದ್ದೆ. ಆಮೇಲೆ ಟೀ ಜರಡಿಯಲ್ಲಿ ಟಿಕ್ ಅಂತ ಒಂದು ಶಬ್ದ. ಅಷ್ಟೇ. ಲ್ಯಾಬಿನಲ್ಲಿ ತುಣುಕು ಕೊಟ್ಟು ನೋಡಿದರೆ ಕ್ಯಾಲ್ಸಿಯಂ ಆಕ್ಸಲೇಟ್. ಡಾಕ್ಟರು ಕೊಟ್ಟ ರಾತ್ರಿ ಮಾತ್ರೆಯನ್ನೂ ನುಂಗುತ್ತಿದ್ದೆ, ಅದನ್ನ ಮುಚ್ಚಿಡಲ್ಲ. ಪಕ್ಕದ ತೋಟದ ದಿಂಡು ಪುಕ್ಕಟೆ, 20 ಹೋಗಿರಬಹುದು. ಎರಡು ಸ್ಕ್ಯಾನು, ಮಾತ್ರೆ ಸೇರಿ 4 ಸಾವಿರದೊಳಗೆ ಮುಗೀತು.

ಸುದ್ದಿ ಕೇಳಿ, ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದ, ಅಂದರೆ ಕಿಡ್ನಿ ಸೋತಿದ್ದ ಒಬ್ಬರು ರಸ ಕೇಳಿಕೊಂಡು ಬಂದರು. ಕೊಡಲಿಲ್ಲ. ದಿಂಡಿನಲ್ಲಿ ಪೊಟ್ಯಾಸಿಯಂ ಇದೆ, ಸೋತ ಕಿಡ್ನಿ ಅದನ್ನ ಹೊರಗೆ ಹಾಕಲಾರದು. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಗೆದ್ದ ಹುಮ್ಮಸ್ಸಿನಲ್ಲಿ ಅಕ್ಕನ ಪಿತ್ತಕೋಶದ ಕಲ್ಲಿಗೂ ಕೈ ಹಾಕಿದೆ. ದಿಂಡಿನ ರಸ ಅಲ್ಲಿಗೆ ಹೋಗಲ್ಲ, ಅಷ್ಟು ಗೊತ್ತಿತ್ತು. ಯಾರೋ ಹೇಳಿದರು ಅಂತ ಐದು ದಿನ ಸೇಬಿನ ರಸ ಕುಡಿಸಿ, ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕೊಟ್ಟೆ. ಎಣ್ಣೆಗೇ 900 ರೂಪಾಯಿ. ರಾತ್ರಿಯೆಲ್ಲ ಅಕ್ಕ ಹೊಟ್ಟೆ ಹಿಡಿದು ನರಳಿದಳು. ಬೆಳಗ್ಗೆ ಹಸಿರು ಉಂಡೆಗಳು! ಕುಣಿದಾಡಿದೆ. ತೊಳೆದು ಎಲೆ ಮೇಲೆ ಬಿಸಿಲಿಗಿಟ್ಟರೆ ಮಧ್ಯಾಹ್ನದೊಳಗೆ ತುಪ್ಪದ ಹಾಗೆ ಕರಗಿಹೋದವು. ಕಲ್ಲು ಎಲ್ಲಾದರೂ ಬಿಸಿಲಿಗೆ ಕರಗುತ್ತಾ? ಎಣ್ಣೆಯೇ ಹೊಟ್ಟೆಯಲ್ಲಿ ಸೋಪಾಗಿತ್ತು. ಸ್ಕ್ಯಾನಿನಲ್ಲಿ ಮೂರು ಕಲ್ಲೂ ಇದ್ದಲ್ಲೇ ಇದ್ದವು. ಕೀಹೋಲ್ ಆಪರೇಷನ್ ಮಾಡಿಸಿ ಪಿತ್ತಕೋಶವನ್ನೇ ತೆಗೆಸಿದೆವು. ಉಳಿದ ಅರ್ಧ ಬಾಟಲಿ ಎಣ್ಣೆಯನ್ನ ಅಕ್ಕ ಕಾರ್ತಿಕದಲ್ಲಿ ದೀಪಕ್ಕೆ ಹಾಕಿ ಮುಗಿಸಿದಳು.