ಪವರ್ ವೀಲ್‌ಚೇರ್‌ನ ಕಂಟ್ರೋಲರ್ ಬದಲಿಸುವ ಮುನ್ನ

ಪವರ್ ವೀಲ್‌ಚೇರ್‌ನ ನಿಯಂತ್ರಣ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಲು ಬಯಸುವವರು ಜಾಯ್‌ಸ್ಟಿಕ್ ಮತ್ತು ಪವರ್ ಮಾಡ್ಯೂಲ್ (ಮೋಟಾರುಗಳಿಗೆ ವಿದ್ಯುತ್ ಹರಿಸುವ ಘಟಕ) ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಉದಾಹರಣೆಗೆ ವಿಆರ್2 ಮತ್ತು ಆರ್-ನೆಟ್ ಎರಡು ಬೇರೆ ಬೇರೆ ನಿಯಂತ್ರಣ ವ್ಯವಸ್ಥೆಗಳು; ವಿಆರ್2 ಜಾಯ್‌ಸ್ಟಿಕ್ ಮತ್ತು ಆರ್-ನೆಟ್ ಮಾಡ್ಯೂಲ್ ಒಂದೇ ತಯಾರಕರ ಉತ್ಪನ್ನಗಳಾದರೂ ಜೊತೆಯಾಗಿ ಕೆಲಸ ಮಾಡುವುದಿಲ್ಲ. ಗದ್ದದಿಂದಲೋ ತಲೆಯಿಂದಲೋ ಕುರ್ಚಿಯನ್ನು ನಡೆಸಬೇಕಾದವರಿಗೆ ಈ ಖರ್ಚು ಸಾರ್ಥಕ; ಕೇವಲ ವೇಗಕ್ಕಾಗಿಯಾದರೆ ನನಗೆ ಹಾಗೆನ್ನಿಸುವುದಿಲ್ಲ, ಏಕೆಂದರೆ ಗರಿಷ್ಠ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೋಟಾರು, ಗೇರ್ ಮತ್ತು ಚಕ್ರದ ಗಾತ್ರ.

ಹೆಚ್ಚಿನವರು ಕಡೆಗಣಿಸುವುದು ಮೋಟಾರ್ ಕಾಂಪೆನ್ಸೇಶನ್ ಎಂಬ, ಹೊರೆ ಹೆಚ್ಚಿದಾಗ ಮೋಟಾರಿಗೆ ಹೆಚ್ಚು ವಿದ್ಯುತ್ ಒದಗಿಸುವ ಸೆಟ್ಟಿಂಗನ್ನು. ಮೋಟಾರಿನ ಒಳಗಿನ ವಿದ್ಯುತ್ ರೋಧವನ್ನು ಆಧರಿಸಿದ ಈ ಮೌಲ್ಯ ಕಡಿಮೆಯಾದರೆ ಕುರ್ಚಿಯು ದಪ್ಪ ಜಮಖಾನದ ಮೇಲೆ ತಿರುಗಲು ಒದ್ದಾಡುತ್ತದೆ, ಇಳಿಜಾರಿನಲ್ಲಿ ಪಕ್ಕಕ್ಕೆ ಎಳೆಯುತ್ತದೆ. ಅತಿಯಾದರೆ ಜಗ್ಗಿ ಜಗ್ಗಿ ಚಲಿಸಿ ಹಿಡಿತ ತಪ್ಪಬಹುದು. ಆದ್ದರಿಂದ ತಯಾರಕರು ಆ ಮೋಟಾರಿಗೆ ಸೂಚಿಸಿದ ಮೌಲ್ಯಕ್ಕಿಂತ ತುಸು ಕೆಳಗಿನಿಂದ ಆರಂಭಿಸಿ, ಅಗತ್ಯವಿದ್ದಷ್ಟೇ ಸ್ವಲ್ಪ ಸ್ವಲ್ಪವಾಗಿ ಏರಿಸುವುದು ಒಳಿತು. ಇದಕ್ಕೆ ಬೇಕಾದ ಪ್ರೋಗ್ರಾಮರ್ (ಸೆಟ್ಟಿಂಗ್ ಬದಲಿಸುವ ಸಾಧನ) ಅಥವಾ ಅದನ್ನು ಬಲ್ಲ ತಂತ್ರಜ್ಞರು ಸಿಗದಿದ್ದರೆ ಹೊಸ ಕಂಟ್ರೋಲರನ್ನು ಕೊಳ್ಳಲೇಬೇಡಿ.

ತಂತಿಗಳನ್ನು ಮುಟ್ಟುವ ಮುನ್ನ ಬ್ಯಾಟರಿಗಳ ಸಂಪರ್ಕ ತೆಗೆಯಿರಿ. ಸರಣಿಯಲ್ಲಿ ಜೋಡಿಸಿದ ಎರಡು 12 ವೋಲ್ಟ್ ಬ್ಯಾಟರಿಗಳ ನಡುವೆ ಸ್ಪ್ಯಾನರ್ ತಾಗಿದರೂ ಸಾಕು, ಬೆಂಕಿ ಹೊತ್ತಿಕೊಳ್ಳಬಹುದು. ಮೊದಲ ಪರೀಕ್ಷೆಯನ್ನು ಚಾಲಕ ಚಕ್ರಗಳನ್ನು ನೆಲದಿಂದ ಎತ್ತಿ, ಕನಿಷ್ಠ ವೇಗದಲ್ಲಿ ನಡೆಸಿ, ಜಾಯ್‌ಸ್ಟಿಕ್ ಬಿಟ್ಟೊಡನೆ ಎರಡೂ ಬ್ರೇಕ್‌ಗಳು ಹಿಡಿಯುತ್ತವೆಯೇ ಎಂದು ನೋಡಿ.