ಸರ್ಕಾರಿ ಆಸ್ಪತ್ರೆಗಳ ಒತ್ತಡವನ್ನು ಜನರ ಮುಂದಿಡುವ ಬಗೆ: ವೈದ್ಯರ ಸಂಘಗಳಿಗೆ ಒಂದು ಕೈಪಿಡಿ

ಸರ್ಕಾರಿ ಆಸ್ಪತ್ರೆಗಳ ಸ್ಥಿತಿಗತಿಯ ಬಗ್ಗೆ ಹೇಳಿಕೆ ನೀಡಲು ಹೊರಟ ವೈದ್ಯರ ಸಂಘವು ಕರಡು ಬರೆಯುವ ಮುನ್ನ ಎಣಿಕೆಗೆ ಕೂರಬೇಕು. ‘ವ್ಯವಸ್ಥೆ ಕುಸಿಯುತ್ತಿದೆ’ ಎಂಬ ಮಾತನ್ನು ಜನ ಕೇಳಿ ಕೇಳಿ ಬೇಸತ್ತಿದ್ದಾರೆ. ದಾಖಲು ಮಾಡಿಕೊಳ್ಳಬೇಕೆಂದು ತೀರ್ಮಾನವಾದ ಮೇಲೂ ಹಾಸಿಗೆ ಸಿಗದೆ ತುರ್ತು ಚಿಕಿತ್ಸಾ ವಿಭಾಗದ ಸ್ಟ್ರೆಚರ್ ಮೇಲೆಯೇ ಬೆಳಗು ಮಾಡಿದವರು ಎಷ್ಟು ಮಂದಿ ಎಂಬ ಒಂದೇ ಅಂಕಿ ಅದಕ್ಕಿಂತ ಹೆಚ್ಚು ಹೇಳುತ್ತದೆ. ಐರ್ಲೆಂಡಿನ ದಾದಿಯರು ಮತ್ತು ಸೂಲಗಿತ್ತಿಯರ ಸಂಘಟನೆ ಇಂಥ ರೋಗಿಗಳನ್ನು ಆಸ್ಪತ್ರೆವಾರು ಎಣಿಸಿ ವರ್ಷಗಳಿಂದ ಪ್ರಕಟಿಸುತ್ತ ಬಂದಿದೆ. ವೈದ್ಯರ ಸಂಘಗಳಲ್ಲಿ ಇಂಥ ತಾಳ್ಮೆ ಅಪರೂಪವೆಂದು ಹೇಳದೆ ವಿಧಿಯಿಲ್ಲ.

ಎಣಿಕೆಗೆ ಆರಿಸಿಕೊಳ್ಳುವ ಅಳತೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಆದರೆ ಹಾಸಿಗೆಗಳ ಭರ್ತಿ ಪ್ರಮಾಣವನ್ನು ಬಿಡಬಾರದು. ತುಂಬಿದ ಆಸ್ಪತ್ರೆಯೇ ದಕ್ಷ ಆಸ್ಪತ್ರೆಯೆಂಬ ಭಾವನೆ ಆಡಳಿತಗಾರರಲ್ಲೂ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1999ರಲ್ಲಿ ಪ್ರಕಟವಾದ ಗಣಿತ ಮಾದರಿಯೊಂದು, ಸರಾಸರಿ ಭರ್ತಿ ಶೇ. 85ನ್ನು ದಾಟಿದಾಗ ಅಪಾಯ ಕಾಣಿಸಿಕೊಳ್ಳುತ್ತದೆ, ಶೇ. 90ನ್ನು ದಾಟಿದರೆ ಹಾಸಿಗೆಯ ಬಿಕ್ಕಟ್ಟು ಮತ್ತೆ ಮತ್ತೆ ಎದುರಾಗುತ್ತದೆ ಎಂದು ತೋರಿಸಿತು. ರೋಗಿಗಳು ದಿನವೂ ಒಂದೇ ಸಂಖ್ಯೆಯಲ್ಲಿ ಬರುವುದಿಲ್ಲವಾದ್ದರಿಂದ ಖಾಲಿ ಹಾಸಿಗೆ ವ್ಯರ್ಥವಲ್ಲ. ಸರಾಸರಿ 5 ದಿನ ಉಳಿಯುವ ರೋಗಿಗಳಿರುವ 100 ಹಾಸಿಗೆಯ ಆಸ್ಪತ್ರೆ ದಿನಕ್ಕೆ ಹೆಚ್ಚೆಂದರೆ 20 ಮಂದಿಯನ್ನು ದಾಖಲಿಸಿಕೊಳ್ಳಬಲ್ಲದು. ಗುಣವಾದವರನ್ನು ನೋಡಿಕೊಳ್ಳಲು ಹೊರಗೆ ವ್ಯವಸ್ಥೆಯಿಲ್ಲದೆ ಆ ವಾಸ 6 ದಿನಕ್ಕೆ ಏರಿದರೆ, ಒಂದು ಹಾಸಿಗೆಯೂ ಕಡಿಮೆಯಾಗದಿದ್ದರೂ ದಾಖಲಾತಿ 16–17ಕ್ಕೆ ಇಳಿಯುತ್ತದೆ. ಉಳಿದವರು ಕಾಯುವುದು ತುರ್ತು ವಿಭಾಗದಲ್ಲಿ. ಅಲ್ಲಿನ ನೂಕುನುಗ್ಗಲಿಗೆ ‘ಸಣ್ಣಪುಟ್ಟ ಕಾಯಿಲೆಗೂ ಓಡಿ ಬರುವ ಜನ’ರನ್ನು ದೂರುವ ಸಂಘ ಈ ಲೆಕ್ಕವನ್ನು ಮಾಡಿಲ್ಲವೆಂದೇ ಅರ್ಥ.

ಸಿಬ್ಬಂದಿಯ ವಿಷಯದಲ್ಲಿ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಆ ಪಾಳಿಯಲ್ಲಿ ವಾಸ್ತವವಾಗಿ ಹಾಜರಿದ್ದವರು ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೊಡಬೇಕು. ದಣಿವನ್ನು ವೈದ್ಯರ ಅಳಲಾಗಿ ಮಂಡಿಸುವುದಕ್ಕಿಂತ ರೋಗಿಯ ಸುರಕ್ಷತೆಯ ಪ್ರಶ್ನೆಯಾಗಿ ಮಂಡಿಸುವುದು ಸರಿಯಾದ ದಾರಿ. ಇದಕ್ಕೆ ವೃತ್ತಿಧರ್ಮದ ಬೆಂಬಲವೂ ಇದೆ: ವೈದ್ಯರ ಪ್ರತಿಜ್ಞಾವಿಧಿಯಾದ ವಿಶ್ವ ವೈದ್ಯಕೀಯ ಸಂಘದ ಜಿನೀವಾ ಘೋಷಣೆಗೆ 2017ರಲ್ಲಿ ಆದ ತಿದ್ದುಪಡಿಯು, ಉತ್ತಮ ಆರೈಕೆ ನೀಡುವ ಸಲುವಾಗಿ ವೈದ್ಯರು ತಮ್ಮ ಆರೋಗ್ಯವನ್ನೂ ಕಾಪಾಡಿಕೊಳ್ಳಬೇಕೆಂಬ ಪ್ರತಿಜ್ಞೆಯನ್ನು ಸೇರಿಸಿತು.

ವೇತನದ ಬೇಡಿಕೆ ನ್ಯಾಯವಾದದ್ದೇ ಇರಬಹುದು, ಆದರೂ ಅದಕ್ಕೆ ಬೇರೆ ದಿನ, ಬೇರೆ ಪತ್ರ ಇರಲಿ. ಎರಡನ್ನೂ ಒಂದೇ ಪ್ರಕಟಣೆಯಲ್ಲಿ ಸೇರಿಸಿದರೆ ಮರುದಿನದ ತಲೆಬರಹ ಸಂಬಳದ ಬಗ್ಗೆಯೇ ಇರುತ್ತದೆ.

ರೋಗಿಯೊಬ್ಬರ ಪ್ರಸಂಗವನ್ನು ಹೇಳುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಹೆಸರು ತೆಗೆದರೂ ಆಸ್ಪತ್ರೆ, ದಿನಾಂಕ ಮತ್ತು ಅಪರೂಪದ ಕಾಯಿಲೆ ಒಟ್ಟಿಗೆ ಸೇರಿದಾಗ ಗುರುತು ಬಯಲಾಗುತ್ತದೆ ಎಂಬುದನ್ನು ಮರೆಯಬಾರದು. ಸೇವೆಯಲ್ಲಿರುವ ಕಿರಿಯ ವೈದ್ಯರನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದು ಸಂಘಕ್ಕೆ ಶೋಭೆಯಲ್ಲ, ಏಕೆಂದರೆ ನಡತೆ ನಿಯಮಗಳ ಹೆಸರಿನಲ್ಲಿ ನೋಟಿಸ್ ಬರುವುದು ಅವರಿಗೇ. ಮಾತನಾಡುವ ಹೊಣೆಯನ್ನು ಪದಾಧಿಕಾರಿಗಳೇ ಹೊರಬೇಕು. ಎದೆನೋವು, ಪಾರ್ಶ್ವವಾಯು, ತೀವ್ರ ರಕ್ತಸ್ರಾವದಂಥ ಸಂದರ್ಭಗಳಲ್ಲಿ ಎಷ್ಟೇ ಜನಸಂದಣಿಯಿದ್ದರೂ ತಡಮಾಡದೆ ಆಸ್ಪತ್ರೆಗೆ ಬರಬೇಕೆಂಬ ವಾಕ್ಯವನ್ನು ಪ್ರಕಟಣೆಯ ಮೊದಲ ಭಾಗದಲ್ಲೇ ಸೇರಿಸಬೇಕು. ಹೇಳಿಕೆಗೆ ಹೆದರಿ ಒಬ್ಬ ರೋಗಿ ಮನೆಯಲ್ಲೇ ಉಳಿದರೂ ಸಂಘ ತನ್ನ ಉದ್ದೇಶಕ್ಕೆ ತಾನೇ ಅಡ್ಡಬಂದಂತಾಗುತ್ತದೆ.

ಬೇಡಿಕೆ ಒಂದೆರಡೇ ಇರಲಿ, ಅದನ್ನು ಈಡೇರಿಸಬಲ್ಲ ಅಧಿಕಾರಿ ಅಥವಾ ಇಲಾಖೆ ಯಾವುದೆಂದು ಸ್ಪಷ್ಟವಾಗಿ ನಮೂದಿಸಿರಲಿ, ಮತ್ತು ಪತ್ರಿಕಾಗೋಷ್ಠಿಗೆ ಮುನ್ನ ಅದರ ಪ್ರತಿ ಅವರ ಕೈಸೇರಿರಲಿ. ಇಲಾಖೆ ಬೇರೆ ಅಂಕಿಗಳನ್ನು ಮುಂದಿಟ್ಟರೆ ವಾದಕ್ಕಿಳಿಯದೆ ಎಣಿಕೆಯ ವಿಧಾನ, ಎಣಿಸಿದ ವೇಳೆ, ಬಿಟ್ಟುಹೋದ ಆಸ್ಪತ್ರೆಗಳ ವಿವರವನ್ನು ಬಹಿರಂಗಪಡಿಸಬೇಕು. ಮೂರು ತಿಂಗಳ ನಂತರ ಅದೇ ಅಳತೆಯಲ್ಲಿ ಮತ್ತೆ ಎಣಿಸಿ, ಪರಿಸ್ಥಿತಿ ಸುಧಾರಿಸಿದ್ದರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಬೇಕು.