ಸುರಂಗದ ನೀರು ಮತ್ತು ಪಚ್ಚಿಲೆ ಮರಿಯ ಮೊದಲ 20 ಗಂಟೆ

ಬಾಯಿಯೇ ತೆರೆಯದ ಮರಿ ಊಟ ಸಾಲದೆ ಸತ್ತಿತು ಅಂದರೆ ಯಾರಾದರೂ ನಂಬುತ್ತಾರಾ? ನಾನು ಎರಡು ಬೇಸಿಗೆ ನಂಬಿದ್ದೆ.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಬಾಯಾರಿನ ಗುಡ್ಡದ ಬುಡದಲ್ಲಿ. ಕಡಲು ಹತ್ತಿರ ಹತ್ತಿರ 20 ಕಿಲೋಮೀಟರ್ ದೂರ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಪಡನ್ನದಲ್ಲಿ ಒಬ್ಬರು ಗೆಳೆಯರು ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚ್ಚಿಲೆ, ಅಂದರೆ ತಿನ್ನುವ ಹಸಿರು ಕಡಲ ಚಿಪ್ಪು, ಬೆಳೆಸುತ್ತಾರೆ. ಅವರ ಬಾಯಲ್ಲಿ ಅದು ಕಲ್ಲುಮ್ಮಕ್ಕಾಯಿ. ಪ್ರತಿ ವರ್ಷ ಬೀಜಕ್ಕೆ, ಅಂದರೆ ಹಗ್ಗಕ್ಕೆ ಕಟ್ಟುವ ಮರಿಗೆ, ಕಡಲ ಬಂಡೆಯನ್ನೇ ನಂಬಬೇಕು, ರೇಟು ಬಂಡೆ ಕೆರೆಯುವವರು ಹೇಳಿದ್ದೇ. "ಮರಿ ನಾನು ಮಾಡಿಕೊಡುತ್ತೇನೆ" ಅಂದೆ. "ಗುಡ್ಡದ ಮೇಲೆ ಪಚ್ಚಿಲೆಯಾ? ಮಾಷ್ಟ್ರೇ, ನೀವು ಅಡಿಕೆ ನೋಡಿಕೊಳ್ಳಿ" ಎಂದು ನಕ್ಕರು.

ಏಪ್ರಿಲ್, ಮೇಯಲ್ಲಿ ಅವರು ಬೆಳೆ ಕೀಳುವಾಗ ಬಲಿತ ಪಚ್ಚಿಲೆ ಧಾರಾಳ ಸಿಗುತ್ತದೆ. ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿ ಅವುಗಳಿಂದ ಮೊಟ್ಟೆ ಬಿಡಿಸುವುದರಲ್ಲಿ ನನಗೆ ತೊಂದರೆ ಆಗಲಿಲ್ಲ. ತೊಂದರೆ ಶುರುವಾಗಿದ್ದು ಮರುದಿನ. 20 ಗಂಟೆಗೆ ಮರಿಗೆ ಚಿಪ್ಪು ಮೂಡಿ ಇಂಗ್ಲಿಷಿನ D ಅಕ್ಷರದಂಥ ಚಂದದ ಆಕಾರ ಕಾಣಬೇಕಿತ್ತು. ನನಗೆ ಕಂಡದ್ದು ಬೆನ್ನು ಬಗ್ಗಿದವು, ಒಂದು ಚಿಪ್ಪು ದೊಡ್ಡದು ಒಂದು ಸಣ್ಣದು ಇರುವವು, ಚಿಪ್ಪಿನ ಹೊರಗೆ ಮಾಂಸ ಇಣುಕುವವು. ನೂರರಲ್ಲಿ ಸರಿಯಾದದ್ದು ಇಪ್ಪತ್ತೋ ಇಪ್ಪತ್ತೈದೋ. ಮೂರನೇ ದಿನಕ್ಕೆ ಬಕೆಟ್ಟಿನ ತಳದಲ್ಲಿ ಬಿಳಿ ಹುಡಿ.

ಕೇಳಿದವರೆಲ್ಲ ಒಂದೊಂದು ಕಾರಣ ಹೇಳಿದರು. ಒಬ್ಬರು ಪಾಚಿ ಸಾಲದು ಅಂದರು. ಪಾಚಿ ಬೆಳೆಸಲು ಟ್ಯೂಬ್‌ಲೈಟು, ಬಾಟಲಿ, ಗೊಬ್ಬರ ಎಂದು 7 ಸಾವಿರ ಹೋಯಿತು. ಇನ್ನೊಬ್ಬರು ಬ್ಯಾಕ್ಟೀರಿಯಾ ಅಂದರು. ಆಂಟಿಬಯೋಟಿಕ್‌ಗೆ ಎರಡು ಸಾವಿರ. ಉಪ್ಪಳದಿಂದ ಕಡಲ ನೀರು ತರುವ ಪಿಕಪ್ಪಿಗೆ ಪ್ರತಿ ಸಲ 1,200 ರೂಪಾಯಿ. ಒಟ್ಟು ಎಷ್ಟು ಟ್ರಿಪ್ ಆಯಿತೆಂದು ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಎರಡನೇ ಬೇಸಿಗೆಯ ಕೊನೆಗೆ ತಲೆ ಓಡಿತು. ಮೊದಲ ದಿನ ಮರಿ ತಿನ್ನುವುದೇ ಇಲ್ಲ, ಮೊಟ್ಟೆಯ ಗಂಟಿನಲ್ಲೇ ಬದುಕುತ್ತದೆ. ಅಂದ ಮೇಲೆ ಪಾಚಿಯದ್ದೇನು ತಪ್ಪು? ಕೆಡುವುದು ಚಿಪ್ಪು. ಹಾಗಾದರೆ ಚಿಪ್ಪು ಕಟ್ಟುವ ಗಂಟೆಗಳನ್ನೇ ಕಾದು ಕುಳಿತು ನೋಡಬೇಕು.

ಮೈಕ್ರೋಸ್ಕೋಪು ಹಳೆಯದು, 18 ಸಾವಿರಕ್ಕೆ ಸಿಕ್ಕಿದ್ದು. ಬರೇ ಬೆಳಕಿನಲ್ಲಿ ಎಳೆ ಚಿಪ್ಪು ಕಾಣುವುದೇ ಇಲ್ಲ, ಗಾಜಿನ ಹಾಗೆ. ಮೊಬೈಲ್ ರಿಪೇರಿ ಅಂಗಡಿಯಿಂದ ಒಡೆದ ಲ್ಯಾಪ್‌ಟಾಪ್ ಪರದೆ ಪುಕ್ಕಟೆ ತಂದು ಅದರ ಪೊಲರಾಯ್ಡ್ ಹಾಳೆ ಸುಲಿದೆ. ಅಂಟು ತೆಗೆಯಲು ಥಿನ್ನರ್ ಹಾಕಿ ಮೊದಲ ಹಾಳೆ ಹಾಳು ಮಾಡಿದೆ. ಎರಡನೆಯದಕ್ಕೆ ಬೆಚ್ಚಗಿನ ಸೋಪು ನೀರು ಸಾಕಾಯಿತು. ಒಂದು ತುಂಡು ಸ್ಲೈಡಿನ ಅಡಿಗೆ, ಒಂದು ಕಣ್ಣಿನ ಹತ್ತಿರ. ತಿರುಗಿಸುತ್ತಾ ಹೋದರೆ ಎಲ್ಲ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಹರಳಾದ ಸುಣ್ಣ ಮಾತ್ರ ಹೊಳೆಯುತ್ತದೆ. ಓಡಾಡುವ ಮರಿಯನ್ನು ಕೊಲ್ಲದೆ ನಿಲ್ಲಿಸಲು ಅಡುಗೆ ಮನೆಯ ಒಂದು ಸಾಮಾನು ಬಳಸಿದ್ದೇನೆ. ಅದೇನೆಂದು ಈಗ ಬೇಡ.

ಮೊಟ್ಟೆ ಫಲಿಸಿದ್ದು ರಾತ್ರಿ 9ಕ್ಕೆ. ಬೆಳಗಿನ ಜಾವ 5ರ ಹೊತ್ತಿಗೆ ಟ್ರೋಕೋಫೋರ್‌ಗಳು, ಅಂದರೆ ಚಿಪ್ಪು ಮೂಡುವ ಮೊದಲಿನ ಈಜುವ ಮರಿಗಳು, ಬುಗುರಿಯಂತೆ ಸುತ್ತುತ್ತಿದ್ದವು. ಬೆನ್ನಿನಲ್ಲಿ ಒಂದು ಗುಳಿ. ಅದೇ ಚಿಪ್ಪು ಗ್ರಂಥಿ. ಬೆನ್ನಿನ ಕೆಲವು ಕೋಶಗಳು ಉದ್ದವಾಗಿ ದಪ್ಪಗಾಗಿ ಒಳಗೆ ಕುಸಿದಿರುತ್ತವೆ. ಗುಳಿಯ ಬಾಯಿಯ ಸುತ್ತಲಿನ ಕೋಶಗಳು ಮೊದಲು ಒಂದು ತೆಳು ಪೊರೆ ಸ್ರವಿಸುತ್ತವೆ. ಸುಣ್ಣ ಇನ್ನೂ ಇಲ್ಲ. ಆಮೇಲೆ ಗುಳಿ ಮಗುಚಿ ಹೊರಬಂದು, ಕೋಶಗಳು ಬೆನ್ನ ಮೇಲೆ ಹರಡಿ, ಪೊರೆ ಕುದುರೆಯ ಜೀನಿನ ಹಾಗೆ ಎರಡೂ ಪಕ್ಕಕ್ಕೆ ಇಳಿಯುತ್ತದೆ. ಸುಣ್ಣ ಕೂರುವುದು ಪೊರೆ ಮತ್ತು ಕೋಶಗಳ ನಡುವಿನ ಸಂದಿಯಲ್ಲಿ, ಬಲಕ್ಕೊಂದು ಎಡಕ್ಕೊಂದು ಜಾಗದಲ್ಲಿ. ನಡುವೆ ಸುಣ್ಣ ಕೂರದ ಗೆರೆಯೇ ಮುಂದೆ ಕೀಲು.

ಪೊರೆ ಕಂಡು ಎಷ್ಟೋ ಹೊತ್ತಾದರೂ ನನ್ನ ಕಪ್ಪು ಪರದೆಯಲ್ಲಿ ಏನೂ ಇಲ್ಲ. ಹಾಳೆ ತಪ್ಪಾಗಿ ಇಟ್ಟೆನೋ ಎಂದು ಬಿಚ್ಚಿ ಕಟ್ಟಿದೆ. ಮೊದಲು ಕೂರುವ ಸುಣ್ಣಕ್ಕೆ ಹರಳಿನ ರೂಪ ಇರುವುದಿಲ್ಲ, ಅದು ಹೊಳೆಯುವುದಿಲ್ಲ. ಅದೇ ನಿಧಾನಕ್ಕೆ ಅರಗೊನೈಟ್ ಎಂಬ ಹರಳು ಸುಣ್ಣ ಆಗುತ್ತದೆ. 12ನೇ ಗಂಟೆ ದಾಟಿದ ಮೇಲೆ ಎರಡು ಮಸುಕು ಚುಕ್ಕಿ ಕಂಡವು. 18ನೇ ಗಂಟೆಗೆ ಪ್ರತಿ ಚಿಪ್ಪಿನ ಮೇಲೂ ಬೆಳಕು, ಅದರ ನಡುವೆ ಕಪ್ಪು ಶಿಲುಬೆಯಂಥ ಗುರುತು. ಚಹಾ ಆರಿ ಹೋಗಿತ್ತು, ಕುಡಿಯಲಿಲ್ಲ.

ಅದು ಸರಿಯಾದ ಮರಿಗಳ ಕತೆ. ಕೆಟ್ಟವುಗಳಲ್ಲಿ ಗುಳಿ ಮಗುಚುವುದು ತಡವಾಗುತ್ತದೆ, ಜೀನಿನಂಥ ಪೊರೆ ಓರೆ, ಹೊಳಪು ಒಂದೇ ಪಕ್ಕಕ್ಕೆ. ಇದು ರೋಗವಲ್ಲ, ನೀರಿನ ಸಮಸ್ಯೆ ಅನ್ನಿಸಿತು. ಆ ಸಂದಿ ಆಗ ಸರಿಯಾಗಿ ಮುಚ್ಚಿರುವುದಿಲ್ಲ, ಹೊರಗಿನ ನೀರಿನ ಗುಣ ಒಳಗೂ ತಾಗುತ್ತದೆ. ಅದರ ಮೇಲೆ ಕೆಲವೇ ಗಂಟೆಗಳಲ್ಲಿ ಇಡೀ ಚಿಪ್ಪು ಆಗಬೇಕು. ಅಮೆರಿಕದ ಒರೆಗಾನ್ ಕರಾವಳಿಯ ಹ್ಯಾಚರಿಯಲ್ಲಿ 2007ರ ನಂತರ ಕಲ್ವದ (ಆಯ್‌ಸ್ಟರ್) ಮರಿ ರಾಶಿ ರಾಶಿ ಸತ್ತಾಗ ಕಡೆಗೆ ಸಿಕ್ಕಿದ್ದೂ ನೀರಿನ ಹುಳಿಯೇ. ಆದರೆ ಅಲ್ಲಿ ಕಡಲೇ ತಳದ ನೀರನ್ನು ಮೇಲೆ ತಂದು ಹುಳಿ ಮಾಡಿತ್ತು. ಉಪ್ಪಳದ ಕಡಲಿಗೆ ಏನಾಗಿತ್ತು?

ಕಡಲಿಗೆ ಏನೂ ಆಗಿರಲಿಲ್ಲ. ತಪ್ಪು ನನ್ನದು. ಮೇ ತಿಂಗಳ ಕಡಲ ನೀರಿನ ಉಪ್ಪು ಸಾವಿರಕ್ಕೆ 35ರ ಹತ್ತಿರ. 30 ಒಳ್ಳೆಯದೆಂದು ಎಲ್ಲೋ ಓದಿ, ನಮ್ಮ ಸುರಂಗದ ನೀರು ಬೆರೆಸುತ್ತಿದ್ದೆ. ಸುರಂಗ ಗೊತ್ತಲ್ವಾ, ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಮುರಕಲ್ಲಿನಿಂದ ಒಸರುವ ನೀರು. ಹುಳಿ ಅಳೆಯುವ (ಪಿಎಚ್) 900 ರೂಪಾಯಿಯ ಪೆನ್ನು ಮೀಟರ್ ಅದ್ದಿದೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಕಡಲ ನೀರು 8.1. ಸುರಂಗದ ನೀರು 5.6! ಬೆರೆಸಿದ್ದು 7.5 ಚಿಲ್ಲರೆ, ಮೊಟ್ಟೆ ಹಾಕಿ ಮುಚ್ಚಿಟ್ಟ ಬಕೆಟ್ಟು ಬೆಳಗ್ಗೆ ಇನ್ನೂ ಕಡಿಮೆ. ಸುಣ್ಣ ಕಡಿಮೆ, ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ. "ಈ ನೀರು ಕುಡಿದು ಮೂರು ತಲೆಮಾರು ಬದುಕಿದೆ, ನಿಮ್ಮ ಪಚ್ಚಿಲೆಗೆ ಮಾತ್ರ ಆಗುವುದಿಲ್ವಾ?" ಎಂದು ಮನೆಯವಳು ಸಿಟ್ಟಾದಳು.

ಮೊದಲು ಬಟ್ಟೆ ಸೋಡಾ ಹಾಕಿದೆ. ನೀರು ಮಜ್ಜಿಗೆಯಾಯಿತು, ಒಂದು ಡ್ರಮ್ ಚರಂಡಿಗೆ. ಆಮೇಲೆ ಅಡುಗೆ ಸೋಡಾ. 100 ಲೀಟರಿಗೆ ಒಂದು ಸಣ್ಣ ಚಮಚದ ಒಳಗೇ. ಹಾಕಿ ಇಡೀ ದಿನ ಗಾಳಿ ಬಿಡಬೇಕು, ಇಲ್ಲದಿದ್ದರೆ ಉಪಯೋಗವಿಲ್ಲ. ಸರಿಯಾದ ಅಳತೆ ನನ್ನ ಪುಸ್ತಕದಲ್ಲಿದೆ, ನಿಮ್ಮ ನೀರಿಗೆ ಅದು ಹೇಗೂ ಬೇರೆ.

ನಾಲ್ಕು ಬಕೆಟ್ಟು ಇಟ್ಟೆ. ಬರೇ ಕಡಲ ನೀರಿನಲ್ಲಿ ನೂರಕ್ಕೆ 70ರಷ್ಟು ಸರಿ. ಸುರಂಗದ ನೀರು ಬೆರೆಸಿದ್ದರಲ್ಲಿ ಅದೇ ಹಳೆಯ 25. ಬೆರೆಸಿ ಗಾಳಿ ಬಿಟ್ಟದ್ದರಲ್ಲಿ ಸುಮಾರು 50. ಸೋಡಾ ಮತ್ತು ಗಾಳಿ ಎರಡೂ ಇದ್ದದ್ದರಲ್ಲಿ 80. ಇಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಕೆಟ್ಟ ನೀರಿನಲ್ಲಿದ್ದ ಮರಿಗಳನ್ನು 6ನೇ ಗಂಟೆಗೆ ಒಳ್ಳೆಯ ನೀರಿಗೆ ದಾಟಿಸಿದೆ. ಹೆಚ್ಚಿನವು ಸರಿಯಾದವು. 20ನೇ ಗಂಟೆಗೆ ದಾಟಿಸಿದವು ಸೊಟ್ಟವಾಗಿಯೇ ಉಳಿದವು. ಉಲ್ಟಾ, ಒಳ್ಳೆಯ ನೀರಿನಲ್ಲಿ ಒಂದು ದಿನ ಕಳೆದು ಕೆಟ್ಟ ನೀರಿಗೆ ಹೋದವು ನಿಧಾನಕ್ಕಾದರೂ ಬೆಳೆದವು. ಬ್ಯಾಕ್ಟೀರಿಯಾ ಅಂದವರಿಗೆ ಈ ಲೆಕ್ಕದ ಫೋಟೋ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳು ಬಂತು.

ನಡುವೆ ಎರಡು ಅಡ್ಡದಾರಿ ಹಿಡಿದೆ. ಹೊಸ ಸುಣ್ಣಕ್ಕೆ ಅಂಟಿ ಹಸಿರು ಹೊಳೆಯುವ ಕ್ಯಾಲ್ಸೀನ್ ಬಣ್ಣಕ್ಕೆ 3 ಸಾವಿರ ಸುರಿದು, ನೀಲಿ ಟಾರ್ಚು, ಹಳದಿ ಜಿಲೆಟಿನ್ ಕಾಗದ ಕಟ್ಟಿ ನೋಡಿದೆ. ಮೊದಲ ದಿನ ಬಣ್ಣ ಕುಡಿದ ಮರಿಯ ಚಿಪ್ಪು ಇಡೀ ಹಸಿರು. ಮೂರನೇ ದಿನ ಕುಡಿಸಿದ್ದಕ್ಕೆ ಅಂಚು ಮಾತ್ರ ಹಸಿರು. ಅಂದರೆ ಮೊದಲ ಚಿಪ್ಪನ್ನು ಆ ಬೆನ್ನಿನ ಕೋಶಗಳೇ ಒಟ್ಟಿಗೆ ಮಾಡುತ್ತವೆ, ಆಮೇಲಿನದ್ದು ಚಿಪ್ಪಿನ ಒಳಗಿನ ತೆಳು ಚರ್ಮದ (ಮ್ಯಾಂಟಲ್) ಅಂಚಿನಿಂದ ಗೆರೆ ಗೆರೆಯಾಗಿ ಸೇರುತ್ತದೆ. ಚಂದ ಇತ್ತು, ಆದರೆ 3 ಸಾವಿರಕ್ಕೆ ಅಲ್ಲ. ಇನ್ನೊಂದು, ದೇವಸ್ಥಾನದ ಕೆರೆಯ ಬಸವನಹುಳುವಿನ ಲೋಳೆ ಮೊಟ್ಟೆ. ಪುಕ್ಕಟೆ, ಓಡುವುದಿಲ್ಲ, ದಿನಗಟ್ಟಲೆ ಕೂತು ನೋಡಬಹುದು. ಅದಕ್ಕೂ ಬೆನ್ನಿನಲ್ಲಿ ಅದೇ ಗುಳಿ, ಆದರೆ ಚಿಪ್ಪು ಟೋಪಿಯ ಹಾಗೆ ಒಂದೇ. ಸುರಂಗದ ನೀರಿನಲ್ಲಿಟ್ಟವುಗಳ ಚಿಪ್ಪು ಕಾಗದದ ಹಾಗೆ ತೆಳುವಾಗಿತ್ತು. ಮೊದಲೇ ಇದನ್ನು ಮಾಡಿದ್ದರೆ ಎರಡು ಬೇಸಿಗೆ ಉಳಿಯುತ್ತಿತ್ತು.

ಈ ಸಲ 20 ದಿನ ಕಳೆದ ಮೇಲೆ ಹಗ್ಗದ ತುಂಡುಗಳಿಗೆ ಮರಿ ಅಂಟಿದವು. ಎಣಿಸಿದ್ದು 300ರ ಆಸುಪಾಸು. ಪಡನ್ನದ ಗೆಳೆಯರು ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುನ್ನೂರು ಏನಕ್ಕೂ ಸಾಲದು ಮಾಷ್ಟ್ರೇ" ಅಂದರು. ಹಗ್ಗ ಕೊಂಡುಹೋದರು. ಜೂನಿನ ಮಳೆಗೆ ಹಿನ್ನೀರು ಸಿಹಿಯಾಗಿ ಮುಕ್ಕಾಲು ಪಾಲು ಹೋಯಿತಂತೆ. ಬರುವ ಏಪ್ರಿಲ್‌ಗೆ ನಾಲ್ಕು ಡ್ರಮ್ ಕಡಲ ನೀರು ಬೇಕೆಂದು ಹೇಳಿದ್ದೇನೆ. ಪಿಕಪ್ಪಿನ ಬಾಡಿಗೆ ಅವರದ್ದೇ.